ಅರ್ಧ ಮಾತ್ರೆ

ಕೇಸ್ ಶೀಟಿನಲ್ಲಿ ಡಾಕ್ಟರು ಬರೆದಿದ್ದು ಇಷ್ಟೇ:
ಒಂದು – ಸೊನ್ನೆ – ಒಂದು.
ಚೆಲುವಯ್ಯ ಮೇಷ್ಟ್ರು ಬಗ್ಗಿ ನೋಡಿ ನಕ್ಕರು,
ಅಂದರೆ ಬಾಯಿಯ ಎಡಮೂಲೆ ತುಸು ಸಡಿಲಾಯಿತು.
"ಯಾವ ಗಣ ಇದು, ಸುಗುಣಾ?"

ನಾಗಮಂಗಲದ ಹೈಸ್ಕೂಲಿನಲ್ಲೂ ಇದೇ ಪ್ರಶ್ನೆ.
ಹತ್ತನೇ ಬಿ, ಕಿಟಕಿ ಪಕ್ಕದ ಬೆಂಚು.
ಪ್ರಸ್ತಾರ ಹಾಕಿ ಹಾಕಿ ಕಡೆಗೊಂದು ಮಾತ್ರೆ
ನನಗೆ ಯಾವಾಗಲೂ ಉಳಿದುಬಿಡುತ್ತಿತ್ತು.
ಕೆಂಪು ಇಂಕಿನಲ್ಲಿ ಅದಕ್ಕೊಂದು ಸುತ್ತು ಹಾಕಿ
'ಇದನ್ನು ಯಾರಿಗೆ ಕೊಡುತ್ತೀ?' ಎಂದು ಬರೆಯುತ್ತಿದ್ದರು.

ಈಗ ಮೈಸೂರಿನ ದೊಡ್ಡಾಸ್ಪತ್ರೆ, ಹದಿನಾಲ್ಕನೇ ಬೆಡ್ಡು.
ಕೊಡುವುದೇ ನನ್ನ ಕೆಲಸ.
ಪ್ಲಾಸ್ಟಿಕ್ ಬಟ್ಟಲಲ್ಲಿ ಹಳದಿ ಬಿಲ್ಲೆ;
ಅವರ ಕೈಗೆ ಹೋದರೆ ಬಟ್ಟಲು ಗಿಲಕಿಯಾಗುತ್ತದೆ.

ಊಟಕ್ಕೆ ಅರ್ಧ ಗಂಟೆ ಮೊದಲು. ತಪ್ಪಿದರೆ ಕೆಟ್ಟಿತು.
ತಮ್ಮನ ಸೊಸೆ ಬುತ್ತಿ ಬಿಚ್ಚಿದಳು:
ಹಿತಕಿದಬೇಳೆ ಸಾರು, ಸೊಗಡಿನ ಕಾಯಿ.
ವಾಸನೆಗೆ ವಾರ್ಡೇ ಎದ್ದು ಕೂತಿತು.
ನಾನು ಮುಚ್ಚಳ ಮುಚ್ಚಿದೆ. ಬೇಳೆ ಮುಂಚೆ ಒಳಹೊಕ್ಕರೆ
ಮಾತ್ರೆ ಕರುಳಿನ ಹೊರಗೇ ನಿಲ್ಲುತ್ತದೆ,
ಒಂದೇ ಬಾಗಿಲು ಇಬ್ಬರಿಗೂ.
"ಮುದ್ದೆಗಿರೋ ಮಾನ ಮದ್ದಿಗಿಲ್ಲ ಬಿಡು" ಅಂದರು.

ನುಂಗಿದ ಮೇಲೆ ಕಾಯುವುದು.
ಇರ್ವಿನ್ ರಸ್ತೆಯಲ್ಲಿ ಬಸ್ಸುಗಳ ಹಾರನ್ನು.
ಹತ್ತು ನಿಮಿಷ, ಏನೂ ಇಲ್ಲ. ಇಪ್ಪತ್ತು,
ಹೆಬ್ಬೆರಳು ತೋರುಬೆರಳ ನಡುವೆ
ಇಲ್ಲದ ಬಿಲ್ಲೆಯೊಂದನ್ನು ಉರುಳಿಸುತ್ತಲೇ ಇದೆ.
ಆಮೇಲೆ ಎಲ್ಲೋ ತೂಬು ಎತ್ತಿದ ಹಾಗೆ
ಮೊದಲು ಕತ್ತಿಗೆ, ಭುಜಕ್ಕೆ, ಮೊಣಕೈಗೆ,
ಕೊನೇ ಗದ್ದೆಗೆ ನಾಲೆ ನೀರು ತಲುಪಿದ ಹಾಗೆ ಬೆರಳಿಗೆ.
ಕೈ ನಿಂತಿತು.
ಆ ಎರಡು ಗಂಟೆಯಲ್ಲಿ ಅವರು
ತಾವೇ ಅಂಗಿ ಗುಂಡಿ ಹಾಕಿಕೊಂಡರು,
ಗಡ್ಡ ಹೆರೆದುಕೊಂಡರು,
ಜ್ವರದ ಚಾರ್ಟಿನಲ್ಲಿ ನನ್ನ ಕಾಗುಣಿತ ತಿದ್ದಿದರು.

ಬಚ್ಚಲ ಹೊಸ್ತಿಲಲ್ಲಿ ಮಾತ್ರ ಕಾಲು ಅಂಟಿಕೊಳ್ಳುತ್ತಿತ್ತು,
ನೆಲಕ್ಕೆ ಯಾರೋ ಬೆಲ್ಲದ ಪಾಕ ಸುರಿದಂತೆ.
ತಳ್ಳಬೇಡಿ, ಎಣಿಸಿ, ಅಂದಿದ್ದ ಫಿಸಿಯೋ ಹುಡುಗ.
"ಮೂರು, ನಾಲ್ಕು, ಮೂರು, ನಾಲ್ಕು" ಅಂದೆ.
ಕಾಲು ಕದಲಲಿಲ್ಲ. ಕಣ್ಣು ಕೆಂಡವಾಯಿತು.
"ನಾಲ್ಕು ಅಂದರೆ ಮೂರೇ ಮಾತ್ರೆ ಕಣಮ್ಮಾ!
ಎಷ್ಟು ಸಲ ಹೇಳಲಿ? ನಾಲಕು ಅನ್ನು."

ಮೂರು ನಾಲಕು
ಮೂರು ನಾಲಕು
ಎತ್ತು ಕಾಲನು
ಇಟ್ಟು ನೋಡಿರಿ

ಎರಡೇ ಪಾದದ ಷಟ್ಪದಿ ಹೊಸ್ತಿಲು ದಾಟಿತು.

ಆ ವಾರ ಡಾಕ್ಟರು ನಡುವಿನ ಸೊನ್ನೆಯನ್ನೂ ಒಂದು ಮಾಡಿದರು.
ಮೂರನೇ ರಾತ್ರಿ ಮೇಷ್ಟ್ರು
ಪಕ್ಕದ ಖಾಲಿ ಹಾಸಿಗೆಯತ್ತ ತಿರುಗಿ
ಹಾಜರಿ ಕರೆಯತೊಡಗಿದರು.
ಬೋರಮ್ಮಣ್ಣಿ. ಯಶೋಧರ. ಫೈರೋಜಾ. ಸಣ್ಣಯ್ಯ.
ಎಲ್ಲರೂ ಬಂದಿದ್ದರಂತೆ, ಚಪ್ಪಲಿ ಹೊರಗೆ ಬಿಟ್ಟು.
ಸಣ್ಣಯ್ಯನ ತಲೆ ಮಾತ್ರ ಒದ್ದೆಯಂತೆ.
ನನ್ನ ಹಿಂದಿನ ಬೆಂಚಿನವನು ಅವನು;
ಪರೀಕ್ಷೆಗೆ ಹತ್ತು ದಿನ ಇರುವಾಗ ನಾಲೆಗೆ ಇಳಿದವನು.
"ಸುಗುಣಾ?" ಅಂದರು ಕಡೆಗೆ.
ಬಿಪಿ ಪಟ್ಟಿ ಕೈಯಲ್ಲಿ ಹಿಡಿದು ಏನು ಹೇಳಲಿ,
"ಬಂದಿದೀನಿ ಸಾರ್" ಅಂದೆ.

ಬರೆದಿಟ್ಟೆ: ರಾತ್ರಿ ಎರಡು ಹತ್ತು.
ಇಲ್ಲದವರು ಕಾಣುತ್ತಿದ್ದಾರೆ. ರೋಗಿಗೆ ಭಯವಿಲ್ಲ.
ಹಾಜರಿ ಕೂಗಿದ್ದು ಬರೆಯಲಿಲ್ಲ.
ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರು
ಮಧ್ಯಾಹ್ನದ ಒಂದನ್ನು ಹೊಡೆದು ಅರ್ಧ ಮಾಡಿದರು.
"ಮಕ್ಕಳು ಹೋಗ್ತಾರೆ" ಅಂದರು. "ಕೈ ಸ್ವಲ್ಪ ಬಿಗಿಯಬಹುದು. ನೋಡೋಣ."

ಬಿಲ್ಲೆಯ ಬೆನ್ನಿಗೊಂದು ಗೆರೆ.
ಎರಡು ಹೆಬ್ಬೆರಳು ಒತ್ತಿದರೆ, ಟಕ್.
"ಅರ್ಧ ಮಾತ್ರೆ ಯಾವುದಕ್ಕೆ?"
ಕೇಳಿದರು, ನೋಟ ಖಾಲಿ ಹಾಸಿಗೆಯ ಮೇಲೆ.
"ವ್ಯಂಜನಕ್ಕೆ ಸಾರ್. ಸ್ವರ ಸೇರದ್ದಕ್ಕೆ."
"ಹ್ಞೂಂ" ಎಂದು ಬಾಯಿ ತೆರೆದರು.

ಮಿಕ್ಕರ್ಧ
ಅಂಗೈಯ ಬೆವರಿಗೆ ಹಳದಿ ಬಿಡುತ್ತ
ನನ್ನಲ್ಲೇ ಉಳಿಯಿತು,
ಈ ಸಲವೂ.