ಮಂಗಳವಾರ ಅಂಗಡಿ ಬಂದ್

ಮೂವತ್ತೆರಡು ವರ್ಷ ಒಂದೇ ಕಣ್ಣಿಗಿ ಭೂತಗನ್ನಡಿ ಏರಿಸಿ
ಶಹಾಪುರ ಬಸ್ ಸ್ಟ್ಯಾಂಡಿನ ಬಲಕ್ಕ
ಮಂದಿಯ ಟೈಮು ರಿಪೇರಿ ಮಾಡೀನಿ.
ಈಗ ಗ್ವಾಡಿ ಮ್ಯಾಲೆ ಹನ್ನೊಂದು ಗಡಿಯಾರ,
ಹನ್ನೊಂದೂ ಹನ್ನೊಂದು ಥರ, ಕೇಳವರಿಲ್ಲ.
ಕೂದಲಿಗಿಂತ ಸಣ್ಣ ಸ್ಪ್ರಿಂಗು ಗೊತ್ತು ಈ ಬೆರಳಿಗಿ,
ಗಾಳ ಕಟ್ಟೂ ಗಂಟು ಮಾತ್ರ ಒಲೀಲಿಲ್ಲ.

"ಹಂಗಲ್ಲೋ ಕಾಕಾ," ಅಂದಳು ಸಾಬಮ್ಮ.
ಏಳನೇ ಕ್ಲಾಸು, ಮೊಣಕಾಲಿನ ತನಕ ಕೆಸರು.
"ಐದು ಸುತ್ತು ಸುತ್ತು, ಬುಡದ ತೂತಿನ್ಯಾಗ ತೂರ್ಸು,
ಉಗುಳು ಹಚ್ಚಿ ಎಳಿ.
ಹಚ್ಚಲಿಲ್ಲಂದ್ರ ತಂಗೂಸಿ ಸುಡ್ತದ."
ನಾ ಹಚ್ಚೂದು ಯಂತ್ರದೆಣ್ಣಿ, ಸೂಜಿ ತುದೀಲೆ ಒಂದು ಹನಿ.
ಉಗುಳು ಹಚ್ಚಿದೆ. ಕುಂತಿತು ಗಂಟು.

ಗಳ ಅಂದ್ರ ಮ್ಯಾದಾರ ಓಣಿಯ ಬಿದಿರು, ಮೂವತ್ತು ರೂಪಾಯಿ.
ಬೆಂಡು ಅಂದ್ರ ಅವರಪ್ಪನ ಹರಿದ ಹವಾಯಿ ಚಪ್ಪಲಿ,
ನೀಲಿ, ಹೆಬ್ಬೆರಳಿನ ಗುರುತು ಇನ್ನೂ ಇರೋ ತುಂಡು.
ಸೀಸದ ಗುಂಡು ತರೋದು ಮರ್ತಿದ್ದೆ.
ಕಿಸೇದಾಗ ಸಿಕ್ಕಿದ್ದು ಅಲಾರಂ ಗಡಿಯಾರದ ಹಿತ್ತಾಳಿ ಚಕ್ರ,
ಹಲ್ಲು ಮುರಿದದ್ದು.
"ನಡೀತದ," ಅಂದಳು.

ಮೊದಲ ಸಲ ಒಗದದ್ದು ನನ್ನ ಅಂಗಿ ಕಾಲರಿಗೇ ಸಿಕ್ಕಿತು.
ಎರಡನೇದು ಜಾಲಿ ಗಿಡಕ್ಕ;
ಅಲ್ಲಿದ್ದ ಕೊಕ್ಕರಿ ಬೈಕೋತ ಎದ್ದು ಹೋಯ್ತು.
ಮೂರನೇದು ನೀರಿಗಿ ಬಿತ್ತು, ಗುಡ್ಡ ಮಲಗಿದ್ದ ಕಡಿ.
ಬುದ್ಧ ಮಲಗ್ಯಾನಂತ ಮಂದಿ ಫೋಟೋ ಹೊಡಕೊಳ್ಳೂ ಗುಡ್ಡ,
ನೀರಾಗ ತಲಿಕೆಳಗ,
ಅವನ ಮೂಗಿನ ತುದೀಗಿ ನೀಲಿ ಚಪ್ಪಲಿ ಚೂರು.
ಕೈ ಮುಗೀಬೇಕೋ ಗಳ ಹಿಡೀಬೇಕೋ ತಿಳೀದೆ ಕುಂತೆ.

ಎರೆಹುಳ ಚುಚ್ಚಲಿಕ್ಕ ಮನಸಾಗಲಿಲ್ಲ.
ಬಸಲಿಂಗಮ್ಮ ಕಟ್ಟಿದ ಬುತ್ತಿ ಬಿಚ್ಚಿ
ಜ್ವಾಳದ ರೊಟ್ಟಿ ಮುರದು, ಇಂಗು ಕೂಡಿಸಿ,
ನಾದಿ ನಾದಿ ಗುಂಡು ಮಾಡಿದೆವು.
ನಮ್ಮ ಮನ್ಯಾಗ ಮೀನಿನ ಹೆಸರು ಎತ್ತಂಗಿಲ್ಲ;
ಅವರ ಮನ್ಯಾಗ ಅದಿಲ್ಲದ ಐತವಾರ ಐತವಾರಾನೇ ಅಲ್ಲ.
"ಹಂಗಾದ್ರ ಹಿಡದು ಏನ್ ಮಾಡ್ತಿ?" ಅಂತ ಕೇಳಿದಳು.
ಅದು ನನಗೂ ಗೊತ್ತಿರಲಿಲ್ಲ.

"ನೀರು ನೋಡಬ್ಯಾಡ, ಬೆಂಡು ನೋಡು.
ಜರಾ ಅಲುಗಿದ್ರ ಸುಮ್ಮನಿರು, ರುಚಿ ನೋಡ್ಲಕತ್ತಾದ.
ಮುಳುಗಿದ್ರ,
ಯಾರೋ ಹಿಂದಿನಿಂದ ಹೆಸರು ಹಿಡದು ಕರದಂಗ
ಗಪ್ಪನ ಎಳಿ."

ಮುಳುಗಿತು.

ಅಂಗೈಯಷ್ಟು ಜಿಲೇಬಿ ಮೀನು ಗಾಳ್ಯಾಗ ಬಡಕೋತ ಬಂತು.
ನಾ ಹಿಂದಕ್ಕ ಜಿಗದು ಕೆಸರಿನ್ಯಾಗ ಕುಂತೆ.
ಸಾಬಮ್ಮನ ನಗು ಆಚಿ ದಂಡಿಗಿ ಹೊಡದು ತಿರುಗಿ ಬಂತು.

ಗಾಳ ಬಿಡಿಸಿದಳು ಎರಡೇ ಬೆರಳಿನ್ಯಾಗ,
ನನ್ನ ಚಿಮಟಕ್ಕಿಂತ ನಯವಾಗಿ.
ಒಂದು ಹುರುಪಿ ನನ್ನ ಉಗುರಿಗಿ ಅಂಟಿತ್ತು.
ಭೂತಗನ್ನಡಿ ಏರಿಸಿದೆ:
ಸುತ್ತಿನೊಳಗ ಸುತ್ತು, ಅದರೊಳಗ ಮತ್ತೊಂದು ಸುತ್ತು,
ನಂಬರಿಲ್ಲದ ಡಯಲು.
"ತೋರ್ಸು ತೋರ್ಸು" ಅಂತ ಕಸಗೊಂಡು
ಬಾಯಿ ತೆರದು ನೋಡಿದಳು, ಭಾಳ ಹೊತ್ತು.
"ಇದಕ್ಕ ಮುಳ್ಳೇ ಇಲ್ಲಲ್ಲವಾ," ಅಂದೆ.
"ಮೀನಿನ ಮುಳ್ಳು ಒಳಗಿರ್ತಾವ, ಕಾಕಾ."

ಮೀನು ಅವರ ಮನಿಗಿ ಹೋಯ್ತು, ಹಾಲಿನ ಕ್ಯಾನಿನ್ಯಾಗ.
ನಾ ಮೂರು ಸಲ ಸಬಕಾರ ಹಚ್ಚಿ ಕೈ ತೊಳದೆ.
ಬಸಲಿಂಗಮ್ಮ ಮೂಗು ಏರಿಸಿ ನೋಡಿದಳು,
ಏನೂ ಕೇಳಲಿಲ್ಲ.
ಮುಂದಿನ ಮಂಗಳವಾರ
ಬುತ್ತಿಯಾಗ ರೊಟ್ಟಿ ಒಂದು ಹೆಚ್ಚಿಗಿ ಇತ್ತು,
ಬ್ಯಾರೆ ಹಾಳ್ಯಾಗ ಸುತ್ತಿ,
ಬದಿಗಿ ಚೂರು ಇಂಗು.

ಅವತ್ತು ಸಾಬಮ್ಮ ಬರಲಿಲ್ಲ. ಪರೀಕ್ಷಿ ಇತ್ತಂತ.
ಬೆಂಡು ಅಲುಗಲಿಲ್ಲ.
ಗಾಳಿಗಿ ಬುದ್ಧನ ಮೂಗು ಅಲುಗಿತು, ಅಷ್ಟೇ.
ಕುರಿ ಹೊಡಕೊಂಡು ಹೊಂಟವ ಒಬ್ಬ ದಂಡಿ ಮ್ಯಾಲೆ ನಿಂತ,
ನನ್ನ ಗುರುತು ಹಿಡದ.
"ಟೈಮ್ ಎಷ್ಟಾತ್ರಿ ವಾಚಿನ ಸಾಹುಕಾರ್ರ?"
ಬೆಂಡಿನಿಂದ ಕಣ್ಣು ಕೀಳದೆ ಅಂದೆ:
"ಇನ್ನೂ ಕಚ್ಚಿಲ್ಲ."