ಗುರುವಾರ, ಆರು ಗಂಟೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ ಅಂದಳು
ಲೈಬ್ರರಿಯ ಹಿಂಗೋಣೆಯಲ್ಲಿ ಮಂಗಳವಾರ ಮಾತ್ರ ಕೂರುವ
ಸಾಲದ ಸಲಹೆಗಾರ್ತಿ.
ಹಾಸಿಗೆಯದೇ ಕಂತು ಬಾಕಿ, ಅಂದೆ.
ಅವಳು ನಗಲಿಲ್ಲ. ಬರೆದುಕೊಂಡಳು.

ಅಂಗಡಿಯಲ್ಲಿ ನಾನೂರ ಇಪ್ಪತ್ತು ಪೌಂಡಿನ ಮಂಚ
ವಾರಕ್ಕೆ ಒಂಬತ್ತರಂತೆ ನೂರ ನಾಲ್ಕು ವಾರ.
ಗುಣಿಸಿ ನೋಡಬೇಡಿ. ನಾನು ನೋಡಿದ್ದೇನೆ,
ರಾತ್ರಿ ಎರಡಕ್ಕೆ, ಅದೇ ಮಂಚದ ಮೇಲೆ.

ಸ್ವಾನ್ಸೀಯ ಈ ಏರುರಸ್ತೆಯಲ್ಲಿ
ಎಲ್ಲರ ಕಿಟಕಿಗೂ ಕಡಲು ಪುಕ್ಕಟೆ.
ಮಿಕ್ಕದ್ದು ಬಿಸ್ಕತ್ತಿನ ಡಬ್ಬಿಯ ಲಕೋಟೆಗಳಲ್ಲಿ:
ಬಾಡಿಗೆ. ಬಸ್ಸು. ಗ್ಯಾಸು. ನೆರಿಸಳ ಬೂಟು. ಗೆಥಿನ್.
ಹೌದು, ಒಂದರ ಮೇಲೆ ಮನುಷ್ಯನ ಹೆಸರು.
ಗುರುವಾರ ಆರಕ್ಕೆ ಬಾಗಿಲು ತಟ್ಟುವವನು,
ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ.
ಕೆಟ್ಟವನಲ್ಲ. ನಮ್ಮಮ್ಮನ ಮಂಡಿನೋವು ಕೇಳುತ್ತಾನೆ,
ಕೇಳುತ್ತಲೇ ಕೈ ಚಾಚುತ್ತಾನೆ.

ಮೀಟರೂ ಸಾಲ ಕೊಡುತ್ತದೆ, ಗೊತ್ತೇ?
ದುಡ್ಡು ಮುಗಿದ ರಾತ್ರಿ ಐದು ಪೌಂಡಿನ ಶಾಖ,
ಮುಂದಿನ ಸಲ ತುಂಬಿಸಿದಾಗ ತಾನೇ ಮುರಿದುಕೊಳ್ಳುತ್ತದೆ.
ಬಡ್ಡಿ ಇಲ್ಲ, ಬುದ್ಧಿಮಾತಿಲ್ಲ.
ನನ್ನ ಅಕ್ಕನಿಗಿಂತ ವಾಸಿ.

ಸಂಜೆ ಏಳೂವರೆಗೆ ಸೂಪರ್ ಮಾರ್ಕೆಟ್ಟಿನಲ್ಲಿ
ಹಳದಿ ಚೀಟಿಯ ಯಂತ್ರ ಹಿಡಿದು ಎಮ್ರಿಸ್ ಬರುತ್ತಾನೆ.
ನಾವು ನಾಲ್ಕು ಹೆಂಗಸರು ಮೊಸರಿನ ಡಬ್ಬದ ಹಿಂಬದಿಯನ್ನು
ಪರೀಕ್ಷೆಗೆ ಓದುವವರಂತೆ ಓದುತ್ತಿರುತ್ತೇವೆ.
ಯಾರೂ ಯಾರನ್ನೂ ನೋಡುವುದಿಲ್ಲ.
ಕೋಳಿಗೆ ಚೀಟಿ ಬಿದ್ದೊಡನೆ
ಓದು ಮುಗಿಯುತ್ತದೆ.

ಒಂದು ಗುರುವಾರ ಗೆಥಿನ್‌ನ ಲಕೋಟೆಯಲ್ಲಿ ಎರಡೇ ಪೌಂಡಿತ್ತು.
(ಬೂಟು. ಇನ್ನೇನು.)
ಟೀವಿ ಆರಿಸಿ, ದೀಪ ಆರಿಸಿ
ಸೋಫಾದ ಹಿಂದೆ ಕೂತೆವು ನಾನೂ ನೆರಿಸಳೂ,
ಕಾಲು ಮಡಚಿ, ಗಲ್ಲಕ್ಕೆ ಮಂಡಿ ತಾಗುವಷ್ಟು.
ಮೆಲ್ಲಗೆ, ಮೆಲ್ಲಗೆ, ಜೋರಾಗಿ.
ಐದು ವರ್ಷದ ಅವಳಿಗೆ ನಗು ತಡೆಯಲಾಗಲಿಲ್ಲ.
ಬಾಯಿ ಮುಚ್ಚಿದೆ. ಅಂಗೈಯೊಳಗೆ ಅವಳ ನಗು
ಬೆಚ್ಚಗೆ, ಒದ್ದೆಯಾಗಿ, ಹೊರಳಾಡಿತು.
ಅಂಚೆಕಿಂಡಿಯಿಂದ ಒಂದು ಚೀಟಿ ಬಿತ್ತು:
‘ಮುಂದಿನ ವಾರ ಹದಿನೆಂಟು. ಅಮ್ಮನ ಮಂಡಿ ಹೇಗಿದೆ?’

ಎಷ್ಟೋ ಕಾಲ ಅದೇ ಅವಳ ಮೆಚ್ಚಿನ ಆಟ.

ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಬಡಿಸುವಾಗ
ಒಂದೊಂದು ಸೌಟಿಗೂ ಲೆಕ್ಕ ಹಾಕುತ್ತಿದ್ದೆ:
ನಲವತ್ತು ವಾರ. ಮೂವತ್ತೊಂದು. ಹನ್ನೆರಡು.
ಸಾಲ ಇಳಿಯುತ್ತಿತ್ತು, ಸ್ಪ್ರಿಂಗೂ ಇಳಿಯುತ್ತಿತ್ತು.
ಏಳು ವಾರ ಉಳಿದಿರುವಾಗ
ಮಂಚವೇ ನಡುವೆ ಕುಸಿದು ತೊಟ್ಟಿಲಾಯಿತು.
ಈಗ ಎಲ್ಲಿ ಮಲಗಿದರೂ ನಡುವಿಗೇ ಉರುಳುತ್ತೇನೆ.

ಕೊನೆಯ ಒಂಬತ್ತು ಪೌಂಡು ಎಣಿಸಿಕೊಟ್ಟ ದಿನ
ಗೆಥಿನ್ ಹೊಸ ಕಾಗದ ತೆಗೆದ.
‘ನೀವೀಗ ಒಳ್ಳೆಯ ಗಿರಾಕಿ, ಎಲುನೆಡ್.
ಐನೂರು, ಈಗಲೇ, ನಿಂತ ಮೆಟ್ಟಿಲ ಮೇಲೆ.’
ಶಾಲೆಯ ಪ್ರವಾಸದ ಚೀಟಿ ಫ್ರಿಜ್ಜಿನ ಮೇಲಿತ್ತು.
ಅವನ ಪೆನ್ನಿನ ಮುಚ್ಚಳ ತೆರೆದೇ ಇತ್ತು.
ಗಾಳಿ ಬೀಸುತ್ತಿತ್ತು, ಕಡಲುಹಕ್ಕಿಯೊಂದು
ಎದುರುಮನೆಯ ಕಸದ ಚೀಲ ಹರಿಯುತ್ತಿತ್ತು.
ಅಮ್ಮನ ಮಂಡಿ ಈಗ ಪರವಾಗಿಲ್ಲ, ಅಂದೆ.
ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ಗುರುವಾರ, ಆರಕ್ಕೆ ಐದು ನಿಮಿಷವಿದೆ,
ನೆರಿಸ್ ತಾನಾಗಿ ದೀಪ ಆರಿಸಿದಳು.
ಬಾ, ಬಚ್ಚಿಟ್ಟುಕೊಳ್ಳೋಣ, ಅಂದಳು.
ಯಾರಿಂದ, ಎಂದು ಕೇಳಬೇಕಿತ್ತು.
ಹೋಗಿ ಕೂತೆ ಸೋಫಾದ ಹಿಂದೆ, ಕತ್ತಲಲ್ಲಿ.
ಈ ಸಲ ಕಾಲು ಮಡಚಲಿಲ್ಲ.
ಬಾಗಿಲಿಂದ ನೋಡಿದರೆ
ನಮ್ಮ ನಾಲ್ಕು ಪಾದಗಳೂ ಕಾಣುತ್ತಿದ್ದವು.