ಏಳೂವರೆ

ಬುಷ್ ಸವೆದ ಮಿಕ್ಸಿ
ಒಂದೇ ಮಗ್ಗುಲಿಗೆ ತೂಕ ಹಾಕಿ ಗುರುಗುಟ್ಟುತ್ತದೆ.
ಗೋಣಿಕೊಪ್ಪದ ನನ್ನ ರಿಪೇರಿ ಅಂಗಡಿಯಲ್ಲಿ
ಆ ಸದ್ದು ಎದ್ದಾಗಲೆಲ್ಲ ಸ್ಕ್ರೂಡ್ರೈವರ್ ಕೆಳಗಿಡುತ್ತೇನೆ.
ಅಪ್ಪ ಬಂದ.

ಅಪ್ಪ, ಮುತ್ತ. ಮದುವೆ ವಾಲಗದಲ್ಲಿ ಡೋಲು.
ಮೆಣಸು ಕುಯ್ಯುವ ಏಣಿಯಿಂದ ಬಿದ್ದ ಮೇಲೆ
ಎಡಗಾಲು ಎರಡು ಬೆರಳು ಗಿಡ್ಡ.
ಮದುಮಗನ ಕೊಡೆಯ ಮುಂದೆ ಏರುದಾರಿ ಹತ್ತುತ್ತ
ಏಳು ಪೆಟ್ಟು ಹಾಕಿ
ಎಂಟನೆಯದನ್ನು ಅರ್ಧಕ್ಕೇ ನುಂಗಿ
ಕಾಲು ಬದಲಿಸುತ್ತಿದ್ದ.
ಊದುವವರು ಬೈದರು, ಬೈಯುತ್ತ ಬೈಯುತ್ತ
ಅದಕ್ಕೇ ಹೊಂದಿಕೊಂಡರು.

ಚೋಂದಮ್ಮ ಆಗ ಎಂಟರ ಹುಡುಗಿ.
ಮದುವೆಮನೆಯಲ್ಲಿ ನಮಗೆ ಎಲೆ ಹಾಕುತ್ತಿದ್ದದ್ದು
ಸೌದೆ ಕೊಟ್ಟಿಗೆಯ ಹಿಂದೆ.
ಅವಳು ಅಲ್ಲಿಗೂ ಬಂದು ಕುಕ್ಕರಗಾಲಲ್ಲಿ ಕೂತು
ತನ್ನ ಮೊಣಕಾಲ ಮೇಲೆ ಅಪ್ಪನ ಕೈ ಬಾರಿಸುತ್ತಿದ್ದಳು,
ಯಾರೋ ರಟ್ಟೆ ಹಿಡಿದು ಎಳೆದೊಯ್ಯುವ ತನಕ.

ಆಮೇಲೆ ಪಿಟೀಲು.
ವಿರಾಜಪೇಟೆ ಇಗರ್ಜಿಯಲ್ಲಿ ಲಾಜರ್ ಮಾಸ್ತರು:
ನಿಲ್ಲು, ಬೆನ್ನು ನೆಟ್ಟಗೆ, ಗದ್ದ ಒತ್ತು, ಕಾಗದ ನೋಡು.
ಪೊನ್ನಂಪೇಟೆಯಲ್ಲಿ ಪೋಸ್ಟ್‌ಮಾಸ್ತರ ಹೆಂಡತಿ ಶೇಷಮ್ಮ:
ಕೂರು, ಕಣಕಾಲಿಗೆ ಆನಿಸು, ಕಾಗದ ಮಡಚಿಡು.
ಬುಧವಾರ ಅಲ್ಲಿಗೆ ಏರಿಸಿದ ತಂತಿ ಶನಿವಾರ ಇಲ್ಲಿಗೆ ಇಳಿಸಿ,
ನಡುವೆ ಬಸ್ಸಿನಲ್ಲಿ ಒಮ್ಮೆ ಪಟ್ಟೆಂದು ಹರಿದು
ಕೆನ್ನೆಗೊಂದು ಗೆರೆ. ಇನ್ನೂ ಇದೆ.
ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿತ್ತು.
ಇಬ್ಬರೂ ಕೇಳಲಿಲ್ಲ.
ದೊಡ್ಡತನವೋ, ಫೀಸಿನ ಮುಲಾಜೋ, ನಾನು ಹೇಳಲಾರೆ.

ಮದರಾಸಿನಲ್ಲಿ ಹನ್ನೊಂದು ವರ್ಷ ಸಿನಿಮಾ ಪಿಟೀಲು,
ಮೂವತ್ತು ಜನರಲ್ಲಿ ಇಪ್ಪತ್ತೆರಡನೆಯ ಕುರ್ಚಿ.
ನಾಯಕಿಯ ತಾಯಿ ಸತ್ತರೆ ಉದ್ದ ಬಿಲ್ಲು,
ಬದುಕಿ ಎದ್ದು ಕೂತರೆ ಗಿಡ್ಡ.
ಸಂಜೆ ಕೈಗೊಂದು ಲಕೋಟೆ.
ಸಭಾದವರು ಅಂದರು: ಗಮಕ ಸರಿ, ನಿಲುವು ನಮ್ಮದಲ್ಲ.
ಜರ್ಮನಿಯಲ್ಲಿ ಅಂದರು: ನಿಲುವು ಸರಿ, ಸ್ವರ ಜಾರುತ್ತದೆ.

ನಲವತ್ತೊಂದಕ್ಕೆ ಅವಳು ಬರೆದಳು
ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ
ನಾಲ್ಕೂ ಕುಂಟುತ್ತ ಏರು ಹತ್ತುವ ಕೃತಿ.
ಒಂದು ಪತ್ರಿಕೆ, ಗಣಿತದ ಸಾಹಸ ಎಂದಿತು.
ಇನ್ನೊಂದು, ಚಿಕೋರಿ ಬೆರೆಸಿದ ಕಾಫಿ ಎಂದಿತು.
ಕೊಡಗಿನವರು ಏನೇ ಮಾಡಲಿ
ಅವರಿಗೆ ಹೊಳೆಯುವುದು ಕಾಫಿಯೊಂದೇ.

ಆ ಜನವರಿ ಅಂಚೆಯಲ್ಲಿ ಕರಾರುಪತ್ರ ಬಂತು.
ರಚನೆ: ಚೋಂದಮ್ಮ, ಮುತ್ತ. ಅರ್ಧರ್ಧ. ಇಲ್ಲಿ ಸಹಿ.
ಅಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಕೇಳಿದ:
‘ಏಳೂವರೆ ಅಂದ್ರೆ ಶನಿಕಾಟ ಅಲ್ಲವೇನೋ?
ಅದಕ್ಕೂ ದುಡ್ಡು ಕೊಡ್ತಾರಾ?’

ಹಿಂದೆಯೇ ಅವಳೂ ಬಂದಳು.
ತೋಟದ ಸಿಮೆಂಟು ಕಣದಲ್ಲಿ, ಹರವಿದ ಹಣ್ಣಿನ ಬದಿಗೆ ನಿಂತು
ನಾಲ್ವರ ಪಾಲನ್ನೂ ಒಬ್ಬಳೇ ಹಾಗೂ ಹೀಗೂ ನುಡಿಸಿದಳು.
ಅಪ್ಪ ಕೊನೆತನಕ ಕೇಳಿ, ಕೆಮ್ಮಿ,
‘ಹತ್ತೋದು ಸರಿ ಬಂತು ಚೋಂದವ್ವಾ.
ಇಳಿಯೋವಾಗ ನಾನು ಹೀಗೆ ನಡೀತಿರಲಿಲ್ಲ.’

ಎದ್ದ. ಡೋಲಿರಲಿಲ್ಲ,
ಅದನ್ನು ಮಾರಿ ಎರಡು ವರ್ಷವಾಗಿತ್ತು.
ಸೊಂಟದ ಮುಂದೆ ಬರಿಗೈ ಆಡಿಸುತ್ತ
ಕಣದ ಇಳಿಜಾರಿನಲ್ಲಿ ನಡೆದ.
ಇಳಿಯುವಾಗ ಗಿಡ್ಡ ಕಾಲು ನೆಲ ಹುಡುಕುತ್ತದೆ,
ಅರ್ಧ ಪೆಟ್ಟು ಮೊದಲೇ ಬೀಳುತ್ತದೆ.
ಹಿಂದೆ ಅವಳು. ಗದ್ದದಡಿಯೂ ಇರದ, ಕಣಕಾಲ ಮೇಲೂ ಇರದ
ಪಿಟೀಲು ಎದೆಗೆ ಆನಿಕೊಂಡಿತ್ತು.
ಹೆಂಗಸರು ಗೋರುಮಣೆ ನಿಲ್ಲಿಸಿದರು.
ಬೈಯಲು ಬಾಯಿ ತೆರೆದ ಮೇಸ್ತ್ರಿ
ಎಣಿಸತೊಡಗಿದ.

‘ಇಳಿಜಾರು’ ಎಂಬ ಎರಡನೆಯ ಭಾಗ ಅಪ್ಪ ಕೇಳಲಿಲ್ಲ.
ಕೇಳಿದ್ದರೆ ಇನ್ನೊಂದು ತಪ್ಪು ಹುಡುಕುತ್ತಿದ್ದ.

ಈ ಮಿಕ್ಸಿ ಶ್ರೀಮಂಗಲದವರದು.
ನಾಳೆ ಕೊಡುತ್ತೇನೆ ಅಂದಿದ್ದೇನೆ.
ಹೊಸ ಬುಷ್ ಮೇಜಿನ ಮೇಲೇ ಇದೆ.
ಇನ್ನೊಂದು ಸಲ, ಹಳೆಯದರಲ್ಲೇ,
ಸ್ವಿಚ್ ಒತ್ತುತ್ತೇನೆ.